ಕೇಳದೆ ಕೊಟ್ಟ ತೀರ್ಪು

ಮೂವತ್ತು ವರ್ಷ ಕನ್ನಡ ಪಾಠ ಹೇಳಿದವಳಿಗೆ ಒಂದು ಕೆಟ್ಟ ಅಭ್ಯಾಸ ಅಂಟಿಕೊಳ್ಳುತ್ತದೆ. ಉತ್ತರಪತ್ರಿಕೆಯ ಮೊದಲ ಎರಡು ಸಾಲು ಓದುವಷ್ಟರಲ್ಲಿ ಕೈಯಲ್ಲಿರುವ ಕೆಂಪು ಪೆನ್ನು ಅಂಕವನ್ನು ನಿರ್ಧರಿಸಿಬಿಟ್ಟಿರುತ್ತದೆ. ಮುಂದಿನದನ್ನು ಕಣ್ಣು ಓದುತ್ತದೆಯೇ ಹೊರತು ಮನಸ್ಸು ಓದುವುದಿಲ್ಲ. ಉತ್ತರಪತ್ರಿಕೆಯ ಮಟ್ಟಿಗೆ ಇದರಿಂದಾಗುವ ಅನ್ಯಾಯ ಒಂದೆರಡು ಅಂಕದ್ದು. ಅದೇ ಅಭ್ಯಾಸವನ್ನು ಹಾಡಿಗೂ ಕವಿತೆಗೂ ಹಚ್ಚಿದಾಗ ಆಗುವ ಅನ್ಯಾಯಕ್ಕೆ ಮರುಮೌಲ್ಯಮಾಪನದ ಅರ್ಜಿಯೂ ಇರುವುದಿಲ್ಲ.

ಎರಡು ವರ್ಷದ ಹಿಂದಿನ ಮಾತು. ಶಾಲೆಯ ವಾರ್ಷಿಕೋತ್ಸವಕ್ಕೆ ಮಕ್ಕಳ ಕವಿಗೋಷ್ಠಿ ಏರ್ಪಾಡಾಗಿತ್ತು. ಕವಿತೆ ಆರಿಸುವ ಮೂವರಲ್ಲಿ ನಾನೂ ಒಬ್ಬಳು. ಹತ್ತನೆಯ ತರಗತಿಯ ಹುಡುಗನೊಬ್ಬ ಬಂದು, ತಾನು ಬರೆದದ್ದನ್ನು ತಾಳಕ್ಕೆ ಹೊಂದಿಸಿ ರ‍್ಯಾಪ್ ಮಾಡಿ ಹೇಳುತ್ತೇನೆ ಎಂದ. ನಾವು ಅವನಿಗೆ ಬಾಯಿ ತೆರೆಯಲು ಬಿಡಲಿಲ್ಲ. ಒಬ್ಬರು ಅದನ್ನು ಬಡಬಡಿಕೆ ಎಂದರು. ಇನ್ನೊಬ್ಬರು ಕುಡುಕರ ಹಾಡು ಎಂದರು. ನಾನು ಕನ್ನಡದ ಟೀಚರಲ್ಲವೇ, ಎಲ್ಲರಿಗಿಂತ ಘನವಾಗಿ ಹೇಳಿದೆ: "ಕಾವ್ಯಕ್ಕೆ ಒಂದು ಮರ್ಯಾದೆ ಇದೆಯಪ್ಪಾ." ಹುಡುಗ ವಾದ ಮಾಡಲಿಲ್ಲ. "ಟೀಚರ್, ನೀವು ಯಾವುದಾದರೂ ಒಂದನ್ನು ಪೂರ್ತಿ ಕೇಳಿದ್ದೀರಾ?" ಎಂದಷ್ಟೇ ಕೇಳಿದ. ನನಗೆ ಸಿಟ್ಟು ಬಂತು. ಇಲ್ಲ ಎಂಬುದೇ ನಿಜವಾದ ಉತ್ತರವಾಗಿದ್ದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು.

ಮರುದಿನ ಹಾಜರಿ ಪುಸ್ತಕದೊಳಗೆ ಒಂದು ಚೀಟಿ ಇತ್ತು. ಅದರಲ್ಲಿ ಒಂದೇ ಹೆಸರು: ಮ್ಯಾಡ್‌ವಿಲನಿ. ಚೀಟಿಯನ್ನು ಹರಿದು ಹಾಕಲಿಲ್ಲ, ಅಷ್ಟು ಪುಣ್ಯ ಕಟ್ಟಿಕೊಂಡೆ. ಬೇಸಿಗೆ ರಜೆಯಲ್ಲಿ ಮಗಳ ಮೊಬೈಲಿನಲ್ಲಿ ಕೇಳಿದೆ. ಮೊದಲ ಸಲ ಏನೂ ತಿಳಿಯಲಿಲ್ಲ. ಎರಡನೆಯ ಸಲ ತಲೆನೋವು ಬಂತು. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸಾಲುಗಳನ್ನು ಕಾಗದದ ಮೇಲೆ ಇಟ್ಟುಕೊಂಡು, ಹಳಗನ್ನಡ ಪದ್ಯವನ್ನು ಅನ್ವಯಿಸುವ ಹಾಗೆ ಪದ ಬಿಡಿಸುತ್ತ ಐದನೆಯ ಸಲ ಕೇಳಿದಾಗ ನನ್ನ 'ಕಾವ್ಯದ ಮರ್ಯಾದೆ' ಎಂಬ ಮಾತು ನೆನಪಾಗಿ ನಾಚಿಕೆಯಾಯಿತು.

ಇದು ಇಬ್ಬರು ಸೇರಿ ಮಾಡಿದ ಆಲ್ಬಂ. ಪದಗಳು ಎಂಎಫ್ ಡೂಮ್ ಎಂಬವನವು. ಸಂಗೀತ ಮ್ಯಾಡ್‌ಲಿಬ್ ಎಂಬವನದು. ಇಬ್ಬರೂ ಸೇರಿದಾಗ ಇಟ್ಟುಕೊಂಡ ಹೆಸರು ಮ್ಯಾಡ್‌ವಿಲನ್, ಹುಚ್ಚು ಖಳ. 2004ರ ಮಾರ್ಚ್ 23ರಂದು ಲಾಸ್ ಏಂಜಲೀಸಿನ ಸ್ಟೋನ್ಸ್ ಥ್ರೋ ಎಂಬ ಕಂಪನಿ ಅದನ್ನು ಹೊರತಂದಿತು. ದೊಡ್ಡ ಕಂಪನಿಗಳ ಆಸರೆಯಿಲ್ಲದ ಈ ಸಣ್ಣ ಸಂಸ್ಥೆಯನ್ನು 1996ರಲ್ಲಿ ಒಬ್ಬ ಡಿಜೆ ಶುರುಮಾಡಿದ್ದ. ನಮ್ಮಲ್ಲಿ ಊರ ಕಡೆಯ ಪ್ರಕಾಶಕರೊಬ್ಬರು ಸಾವಿರ ಪ್ರತಿ ಅಚ್ಚು ಹಾಕಿಸಿ, ಗಂಟು ಕಟ್ಟಿಕೊಂಡು ತಿರುಗುತ್ತಾರಲ್ಲ, ಆ ಜಾತಿಯ ಸಾಹಸ.

ಡೂಮ್‌ನ ನಿಜನಾಮ ಡೇನಿಯಲ್ ಡುಮಿಲೆ. 1971ರಲ್ಲಿ ಲಂಡನ್ನಿನಲ್ಲಿ ಹುಟ್ಟಿ ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಬೆಳೆದವನು. ಹೆಚ್ಚುಕಡಿಮೆ ನನ್ನ ವಾರಿಗೆಯವನು. ತಮ್ಮನೊಂದಿಗೆ ಸೇರಿ ಕೆಎಂಡಿ ಎಂಬ ತಂಡ ಕಟ್ಟಿದ್ದ. 1993ರಲ್ಲಿ ತಮ್ಮ ಕಾರು ಡಿಕ್ಕಿಯಾಗಿ ಸತ್ತ. ಮರುವರ್ಷ, ಆ ತಂಡದ ಎರಡನೆಯ ಆಲ್ಬಮ್ಮಿನ ಮುಖಚಿತ್ರದ ಬಗ್ಗೆ ಗಲಾಟೆಯೆದ್ದು, ದೊಡ್ಡ ಕಂಪನಿ ಅದನ್ನು ಬಿಡುಗಡೆ ಮಾಡದೆ ಇವನನ್ನು ಕೈಬಿಟ್ಟಿತು. ಕರಿಯರನ್ನು ಗೇಲಿಮಾಡಲು ಬಿಳಿಯರು ಬಳಸುತ್ತಿದ್ದ ಒಂದು ಗೊಂಬೆಯನ್ನೇ ನೇಣಿಗೆ ಹಾಕಿದ ಚಿತ್ರ ಅದು. ಅದರ ಅರ್ಥವನ್ನು ನೋಡಲು ಯಾರಿಗೂ ಪುರುಸೊತ್ತಿರಲಿಲ್ಲ. ತಮ್ಮನೂ ಹೋದ, ಕೆಲಸವೂ ಹೋಯಿತು. ಕೆಲವು ವರ್ಷ ಇವನು ಎಲ್ಲಿದ್ದನೆಂದೇ ಲೋಕಕ್ಕೆ ತಿಳಿಯಲಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನ ಒಂದು ಕಾವ್ಯ ಕೆಫೆಯ ವೇದಿಕೆಗೆ ಮುಖಕ್ಕೆ ಕಾಲುಚೀಲದ ಬಟ್ಟೆ ಎಳೆದುಕೊಂಡು ಬಂದ. ಮುಂದೆ ಅದು ಲೋಹದ ಮುಖವಾಡವಾಯಿತು. ಕಾಮಿಕ್ ಪುಸ್ತಕದ ಒಬ್ಬ ಖಳನಿಂದ ಹೆಸರನ್ನೂ ತೆಗೆದುಕೊಂಡ. ನನ್ನ ಮುಖ ನೋಡಬೇಡಿ, ಮಾತು ಕೇಳಿ ಎಂಬುದು ಆ ಮುಖವಾಡದ ಅರ್ಥ.

ಮ್ಯಾಡ್‌ಲಿಬ್‌ನ ಹೆಸರು ಓಟಿಸ್ ಜಾಕ್ಸನ್ ಜೂನಿಯರ್, ಕ್ಯಾಲಿಫೋರ್ನಿಯಾದವನು. ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಗುಡ್ಡೆಹಾಕಿಕೊಂಡು, ಅವುಗಳಿಂದ ಒಂದೊಂದು ತುಣುಕು ಎತ್ತಿ, ತಿರುವಿ, ಹೊಲಿದು ಹೊಸ ನಾದ ಮಾಡುವುದು ಇವನ ವಿದ್ಯೆ. 2002ರಲ್ಲಿ ಬ್ರೆಜಿಲ್‌ಗೆ ಹೋದಾಗ ಹೋಟೆಲ್ ಕೋಣೆಯಲ್ಲೇ ಕೈಯಲ್ಲಿ ಹೊತ್ತೊಯ್ಯುವ ಸಣ್ಣ ಯಂತ್ರಗಳಿಂದ ಈ ಆಲ್ಬಮ್ಮಿನ ಕೆಲವು ಭಾಗಗಳನ್ನು ಕಟ್ಟಿದ. ಕೋಟಿಗಟ್ಟಲೆ ಬೆಲೆಯ ಸ್ಟುಡಿಯೋ ಇಲ್ಲ, ವಾದ್ಯಗೋಷ್ಠಿ ಇಲ್ಲ.

ಇನ್ನು ಈ ಕೃತಿಯನ್ನು ಜಗತ್ತು ಹೇಗೆ ಬರಮಾಡಿಕೊಂಡಿತೆಂಬುದನ್ನು ನೋಡಿ. ಮೊದಲನೆಯದಾಗಿ, ಅದನ್ನು ಕದ್ದು ಕೇಳಲಾಯಿತು. ಬಿಡುಗಡೆಗೆ 14 ತಿಂಗಳ ಮೊದಲೇ ಅರೆಬೆಂದ ಪ್ರತಿಯೊಂದು ಸೋರಿ ಅಂತರ್ಜಾಲದಲ್ಲಿ ಹರಿದಾಡಿತು. ಇಬ್ಬರೂ ಬೇಸತ್ತು ಕೆಲಸ ಬದಿಗಿಟ್ಟು ಬೇರೆ ಆಲ್ಬಮ್ಮುಗಳಲ್ಲಿ ತೊಡಗಿದರು. ಮರಳಿ ಬಂದಾಗ ಡೂಮ್ ತನ್ನ ಭಾಗವನ್ನು ಹೊಸದಾಗಿ ಹೇಳಿದ. ಮೊದಲಿನ ಹುರುಪಿನ ಧ್ವನಿ ಇಳಿದು, ನಿಧಾನದ, ಗಂಟಲಾಳದ ಧ್ವನಿಯಾಯಿತು. ಈಗ ನಾವು ಕೇಳುವುದು ಅದನ್ನೇ. ಊರ ಜಗಲಿಯಲ್ಲಿ ಕುಳಿತ ಅನುಭವಿ ಮುದುಕನೊಬ್ಬ ಅರ್ಧ ಕಣ್ಣು ಮುಚ್ಚಿ ಮಾತಾಡಿದ ಹಾಗಿದೆ.

ಎರಡನೆಯದಾಗಿ, ಅದನ್ನು ಎಣಿಸಲಾಯಿತು. ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು ಏರಿದ್ದು 179ನೆಯ ಸ್ಥಾನದವರೆಗೆ ಮಾತ್ರ. ಅದೇ ದಿನ ಬಿಡುಗಡೆಯಾದ ಅಷರ್ ಎಂಬ ಗಾಯಕನ ಆಲ್ಬಂ ಒಂದೇ ವಾರದಲ್ಲಿ ಸುಮಾರು 11 ಲಕ್ಷ ಪ್ರತಿ ಮಾರಾಟವಾಯಿತು. ಅಷರ್‌ನ ಹಾಡುಗಳ ಬಗ್ಗೆ ನನ್ನ ತಕರಾರಿಲ್ಲ. ಜಾತ್ರೆಯಲ್ಲಿ ಮಿಠಾಯಿ ಅಂಗಡಿಯ ಮುಂದೆ ಜನ ಹೆಚ್ಚು, ಪುಸ್ತಕದಂಗಡಿಯ ಮುಂದೆ ಕಡಿಮೆ. ಅದಕ್ಕಾಗಿ ಮಿಠಾಯಿಯನ್ನು ಬೈಯಬೇಕಿಲ್ಲ, ಪುಸ್ತಕವನ್ನು ಮರುಗಬೇಕಿಲ್ಲ. ಎಣಿಕೆ ಎಷ್ಟು ಜನ ಕೊಂಡರೆಂದು ಹೇಳುತ್ತದೆ; ಎಷ್ಟು ಜನ ಎಷ್ಟು ಸಲ ಕೇಳಿದರೆಂದು ಹೇಳುವುದಿಲ್ಲ.

ಮೂರನೆಯದಾಗಿ, ಅದಕ್ಕೆ ಪಟ್ಟ ಕಟ್ಟಲಾಯಿತು. ವಿಮರ್ಶಕರು ಮೊದಲಿನಿಂದಲೇ ಮೆಚ್ಚಿದ್ದರು ಎನ್ನಬೇಕು. ಬರಬರುತ್ತ ಅದು ಮೇರುಕೃತಿಗಳ ಪಟ್ಟಿ ಸೇರಿತು. ರೋಲಿಂಗ್ ಸ್ಟೋನ್ ಪತ್ರಿಕೆ 2020ರಲ್ಲಿ ಪರಿಷ್ಕರಿಸಿದ 500 ಶ್ರೇಷ್ಠ ಆಲ್ಬಮ್ಮುಗಳ ಪಟ್ಟಿಯಲ್ಲಿ ಅದಕ್ಕೂ ಜಾಗ ಸಿಕ್ಕಿತು. ಅದೇ ವರ್ಷ ಅಕ್ಟೋಬರ್ 31ರಂದು ಡೂಮ್ ತೀರಿಕೊಂಡ. ಸುದ್ದಿ ಹೊರಬಂದದ್ದು ಎರಡು ತಿಂಗಳ ನಂತರ, ವರ್ಷದ ಕೊನೆಯ ದಿನ. ಸತ್ತಾಗಲೂ ಮುಖವಾಡದ ಹಿಂದೆಯೇ ಸತ್ತ. ಆಮೇಲೆ ಎಲ್ಲರೂ ಭಕ್ತರೇ.

ಈ ಪಟ್ಟವನ್ನು ತೋರಿಸಿ ನಿಮ್ಮನ್ನು ಒಪ್ಪಿಸುವುದು ನನ್ನ ಉದ್ದೇಶವಲ್ಲ. ಪತ್ರಿಕೆಯೊಂದು ಪಟ್ಟಿಯಲ್ಲಿ ಸೇರಿಸಿತೆಂದು ತಲೆಬಾಗುವುದೂ ಕೇಳದೆ ಕೊಡುವ ತೀರ್ಪೇ. ಪೂಜೆಯೂ ಕಿವಿ ಮುಚ್ಚಿಕೊಳ್ಳುವ ಒಂದು ವಿಧಾನ. ಈತ ತನ್ನ ಮುಖವಾಡವನ್ನು ಬೇರೆಯವರಿಗೆ ತೊಡಿಸಿ ಕಾರ್ಯಕ್ರಮಗಳಿಗೆ ಕಳಿಸಿದ್ದೂ ಉಂಟು. ಭಕ್ತರು ಅದನ್ನೂ ಒಂದು ಲೀಲೆ ಎನ್ನುತ್ತಾರೆ. ಹಣ ಕೊಟ್ಟು ಬಂದವರಿಗೆ ಅದು ಮೋಸ. ನಮ್ಮ ತರಗತಿಯಲ್ಲಿ ಗೆಳೆಯನ ಹಾಜರಿಗೆ 'ಎಸ್ ಟೀಚರ್' ಎನ್ನುವವನಿಗೆ ನಾನು ಕೊಡುವ ಶಿಕ್ಷೆಯೇ ಇದಕ್ಕೂ ಸಲ್ಲಬೇಕು. ನಾನು ಕೇಳುವುದು ಆರತಿಯನ್ನಲ್ಲ, 46 ನಿಮಿಷಗಳ ಗಮನವನ್ನು. ಇಡೀ ಆಲ್ಬಮ್ಮಿನ ಉದ್ದ ಅಷ್ಟೇ: ಒಂದು ಪೀರಿಯಡ್ಡು.

ಈಗ ನಮ್ಮ ಸ್ಟಾಫ್ ರೂಮಿನ ಆಕ್ಷೇಪಣೆಗಳನ್ನು ಒಂದೊಂದಾಗಿ ತೆಗೆದುಕೊಳ್ಳುತ್ತೇನೆ.

ಬರೀ ಪ್ರಾಸ, ಕವಿತೆಯಲ್ಲ ಎನ್ನುತ್ತಾರೆ. ಈ ಮಾತನ್ನು ಕನ್ನಡದವರು ಹೇಳಿದರೆ ನಗು ಬರುತ್ತದೆ. ಪ್ರತಿ ಸಾಲಿನ ಎರಡನೆಯ ಅಕ್ಷರ ಕೂಡಬೇಕೆಂದು ಸಾವಿರ ವರ್ಷ ಹಟ ಹಿಡಿದವರು ನಾವು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಪ್ರಾಸ ಬಿಟ್ಟಾಗ, ಇನ್ನು ಕವಿತೆ ಉಳಿಯಿತೇ ಎಂದು ಕೂಗಾಡಿದವರೂ ನಾವೇ. ಅಂದು ಪ್ರಾಸ ಬಿಟ್ಟವನು ಕವಿಯಲ್ಲ, ಇಂದು ಪ್ರಾಸ ಹಿಡಿದವನು ಕವಿಯಲ್ಲ! ಡೂಮ್‌ನ ಪ್ರಾಸ ಸಾಲಿನ ಕೊನೆಗೆ ಗಂಟೆ ಬಾರಿಸುವ ಪ್ರಾಸವಲ್ಲ. ಎರಡು ಮೂರು ಅಕ್ಷರಗಳು ಒಟ್ಟಾಗಿ ಇನ್ನೆರಡು ಮೂರು ಅಕ್ಷರಗಳಿಗೆ ಹೊಂದುತ್ತವೆ. ಸಾಲಿನ ನಡುವೆ ಹುಟ್ಟಿ ಮುಂದಿನ ಸಾಲಿನ ನಡುವೆ ಮುಗಿಯುತ್ತವೆ. ಇಂಥ ಪದವೇ ಬರುತ್ತದೆಂದು ಕಿವಿ ಕಾದಿರುತ್ತದೆ, ಅವನು ಬೇರೊಂದನ್ನು ಇಡುತ್ತಾನೆ. ಆ ಬೇರೊಂದೇ ಸರಿ ಎಂದು ಮರುಕ್ಷಣ ಹೊಳೆಯುತ್ತದೆ. ಆಲ್ಬಮ್ಮಿನಲ್ಲಿ 22 ತುಣುಕುಗಳಿವೆ. ಬಹುಪಾಲು ಮೂರು ನಿಮಿಷವನ್ನೂ ಮುಟ್ಟುವುದಿಲ್ಲ. ಪಲ್ಲವಿ ಎಂಬುದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಹೇಳುವುದು ಮುಗಿಯಿತೆ, ಹಾಡು ಮುಗಿಯಿತು. ಒಂದೇ ಸಾಲನ್ನು ಎಂಟು ಸಲ ಹಾಡಿ ಜನರ ನಾಲಗೆಗೆ ಹತ್ತಿಸುವ ಉಪಾಯವನ್ನು ಬಿಟ್ಟುಕೊಟ್ಟು ಬರೆದವನ ಧೈರ್ಯವನ್ನು ನಾವು ಕವಿಗಳಲ್ಲಿ ಮೆಚ್ಚುವುದಿಲ್ಲವೇ?

ಅವನು ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಎಲ್ಲ ದೊಡ್ಡಕ್ಷರಗಳಲ್ಲೇ ಬರೆಯಬೇಕೆಂದು ಒಂದು ಹಾಡಿನಲ್ಲಿ ತಾಕೀತು ಮಾಡುತ್ತಾನೆ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರವೂ ಇಲ್ಲ, ಸಣ್ಣಕ್ಷರವೂ ಇಲ್ಲ. ಆ ಒಂದು ಅಪಚಾರದಿಂದ ಕನ್ನಡದವರು ಪಾರು.

ಎಲ್ಲ ಕದ್ದ ಸಂಗೀತ ಎಂಬುದು ಎರಡನೆಯ ಮಾತು. ಇದರಲ್ಲಿ ಅರ್ಧ ಸತ್ಯವಿದೆ. ಅದಕ್ಕೇ ಇದು ಹೆಚ್ಚು ಅಪಾಯಕಾರಿ. ಈ ಆಲ್ಬಮ್ಮಿನ 'ಶ್ಯಾಡೋಸ್ ಆಫ್ ಟುಮಾರೋ' ಎಂಬ ಹಾಡಿನಲ್ಲಿ ನಮ್ಮ ರಾಹುಲ್ ದೇವ್ ಬರ್ಮನ್ ಅವರ ಒಂದು ಹಿಂದಿ ಚಿತ್ರಗೀತೆಯ ತುಣುಕಿದೆ. ಮ್ಯಾಡ್‌ಲಿಬ್ ಮುಂದೆ 2007ರಲ್ಲಿ ಭಾರತದ ಚಿತ್ರಸಂಗೀತದ ತುಣುಕುಗಳಿಂದಲೇ ಇಡೀ ಒಂದು ಆಲ್ಬಂ ಮಾಡಿದ. ಇನ್ನೊಬ್ಬರ ಬೆವರನ್ನು ಬಳಸಿದವನು ಅವರ ಹೆಸರು ಹೇಳಬೇಕು, ಪಾಲು ಕೊಡಬೇಕು. ಅದರಲ್ಲಿ ಎರಡು ಮಾತಿಲ್ಲ. ಲತಾ ಮಂಗೇಶ್ಕರ್ ಹಾಡಿದ ಒಂದು ಗೀತೆಯನ್ನು 2002ರಲ್ಲಿ ಅಮೆರಿಕದ ಬೇರೊಂದು ಹಾಡಿನಲ್ಲಿ ಹೇಳದೆ ಕೇಳದೆ ಬಳಸಿಕೊಂಡಾಗ, ಸಂಗೀತ ನಿರ್ದೇಶಕ ಬಪ್ಪಿ ಲಾಹಿರಿಯವರ ಹೆಸರನ್ನು ನಮೂದಿಸುವವರೆಗೆ ಅದನ್ನು ಮಾರಬಾರದೆಂದು ಅಲ್ಲಿನ ನ್ಯಾಯಾಲಯವೇ 2003ರಲ್ಲಿ ತಡೆ ಹಾಕಿತು. ಹಾಗೆಯೇ ಆಗಬೇಕು.

ಆದರೆ ಋಣ ತೀರಿಸದಿರುವುದು ಬೇರೆ, ಕಲೆಯೇ ಅಲ್ಲ ಎನ್ನುವುದು ಬೇರೆ. ವ್ಯಾಸರ ಕತೆಯನ್ನು ತೆಗೆದುಕೊಂಡು, ಅದರ ಅರ್ಜುನನಿಗೆ ತನ್ನ ದೊರೆ ಅರಿಕೇಸರಿಯ ಮುಖ ಜೋಡಿಸಿದ ಪಂಪನನ್ನು ನಾವು ಕಳ್ಳನೆನ್ನುವುದಿಲ್ಲ, ಆದಿಕವಿ ಎನ್ನುತ್ತೇವೆ. ಕೌದಿ ಹೊಲಿಯುವ ಅಜ್ಜಿ ಬಟ್ಟೆ ನೇಯ್ದವಳಲ್ಲ. ಯಾರೋ ಉಟ್ಟು ಬಿಟ್ಟ ಸೀರೆ, ಯಾವುದೋ ಮಗುವಿನ ಅಂಗಿ, ಎಲ್ಲವನ್ನೂ ಹೊಂದಿಸಿ ಅವಳು ಹಾಕಿದ ಹೊಲಿಗೆ ಮಾತ್ರ ಅವಳದು. ಆ ಹೊಲಿಗೆ ಇಲ್ಲದಿದ್ದರೆ ಅದು ಕೌದಿಯಲ್ಲ, ಚಿಂದಿಯ ರಾಶಿ.

ಅಸಭ್ಯ ಮಾತು, ಹೆಂಗಸರ ಬಗ್ಗೆ ಹಗುರ ಮಾತು ಎಂಬುದು ಮೂರನೆಯದು. ಇದನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಹೆಣ್ಣುಮಕ್ಕಳಿಗೆ ಪಾಠ ಹೇಳುವವಳು ನಾನು. ಈ ಆಲ್ಬಮ್ಮಿನಲ್ಲಿ ಗಾಂಜಾವನ್ನು ಹೊಗಳುವ ಒಂದು ಹಾಡೇ ಇದೆ. ಹದಿಹರೆಯದವರ ಕೈಗೆ ನಾನಾಗಿ ಇದನ್ನು ಕೊಡಲಾರೆ. ಇಡೀ ಆಲ್ಬಂ ಗಂಡಸರ ಕೋಣೆ. ಸ್ಟೇಸಿ ಎಪ್ಸ್ ಎಂಬಾಕೆ ಹಾಡುವ ಒಂದು ಹಾಡಿನಲ್ಲಿ ಮಾತ್ರ ಕಿಟಕಿ ತೆರೆದು ಗಾಳಿ ಬಂದಂತಾಗುತ್ತದೆ. ರ‍್ಯಾಪಿನ ಲೋಕದಲ್ಲಿ ಹೆಣ್ಣನ್ನು ಸಾಮಾನಿನ ಹಾಗೆ ಎಣಿಸುವ ಹಾಡುಗಳು ರಾಶಿ ರಾಶಿ ಇವೆ; ಅವುಗಳನ್ನು ಬೈಯುವವರ ಜೊತೆ ನಾನೂ ಇದ್ದೇನೆ.

ಆದರೆ ಬೈಯುವುದಕ್ಕೂ ಕೇಳಿರಬೇಕು. ಇಲ್ಲೊಂದು ಹಾಡಿದೆ: ಮೋಸಹೋದ ಪ್ರೇಮಿಯೊಬ್ಬ ಪ್ರೇಯಸಿಯನ್ನೂ ಅವಳ ಹೊಸ ಗೆಳೆಯನನ್ನೂ ಬಾಯಿಗೆ ಬಂದಂತೆ ಬೈಯುತ್ತಾನೆ. ಆ ಹೊಸ ಗೆಳೆಯ ಬೇರಾರೂ ಅಲ್ಲ, ಡೂಮ್! ಬೈಯುವವನೂ ಡೂಮ್‌ನೇ, ಬೇರೊಂದು ವೇಷದಲ್ಲಿ. ತನ್ನ ಗಂಡಸುತನದ ಜಂಬವನ್ನು ತಾನೇ ಎರಡು ಪಾತ್ರ ಮಾಡಿ ನಗೆಪಾಟಲಿಗೆ ಒಡ್ಡುತ್ತಾನೆ. ಹತ್ತು ಸೆಕೆಂಡು ಕೇಳಿದವರಿಗೆ ಅದು ಬೈಗಳು. ಪೂರ್ತಿ ಕೇಳಿದವರಿಗೆ ನಾಟಕ. ರನ್ನನ ದುರ್ಯೋಧನನ ಬಾಯಿಂದ ಬಂದದ್ದನ್ನು ರನ್ನನ ತಲೆಗೆ ಕಟ್ಟಬಾರದೆಂದು ಮಕ್ಕಳಿಗೆ ಹೇಳಿಕೊಡುವುದು ನಮ್ಮ ಕಸುಬು. ಹಳಗನ್ನಡ ಕಾವ್ಯಗಳಲ್ಲಿ ಹೆಣ್ಣಿನ ಅಂಗಾಂಗ ವರ್ಣನೆ ಬಂದಾಗ ನಾವು ಮೆಲ್ಲಗೆ ಪುಟ ತಿರುಗಿಸಿ, ಅದು ಆ ಕಾಲದ ಕವಿಸಮಯ ಎನ್ನುತ್ತೇವೆ. ಅಲ್ಲಿ 'ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ'. ಇಲ್ಲಿ ಸಂದರ್ಭವೂ ಬೇಡ, ಸ್ವಾರಸ್ಯವೂ ಬೇಡ. ಇದು ಯಾವ ನ್ಯಾಯ?

ಕೊನೆಯ ಮಾತು, ಅಭಿಮಾನಿಗಳದು: ಇದರಲ್ಲೇನು ಹೊಸದು, ನಮ್ಮಲ್ಲಿ ಮೊದಲೇ ಇತ್ತು. ಉತ್ತರ ಕರ್ನಾಟಕದ ಗೀಗೀ ಪದ ಇದೆಯಲ್ಲ, ಹರದೇಶಿ-ನಾಗೇಶಿ ಮೇಳಗಳು ರಾತ್ರಿಯಿಡೀ ಸವಾಲು-ಜವಾಬು ಹಾಡುವುದಿಲ್ಲವೇ, ತಾಳಮದ್ದಳೆಯಲ್ಲಿ ನಿಂತ ನಿಲುವಿನಲ್ಲಿ ಮಾತು ಕಟ್ಟುವುದಿಲ್ಲವೇ ಎನ್ನುತ್ತಾರೆ. ಇದೆ, ನಿಜ; ಅವುಗಳ ಬಗ್ಗೆ ನನಗೂ ಅಭಿಮಾನವಿದೆ. ಆದರೆ ಹೀಗೆನ್ನುವವರಲ್ಲಿ ಎಷ್ಟು ಜನ ಗೀಗೀ ಮೇಳದ ಮುಂದೆ ಒಂದು ರಾತ್ರಿ ಕಳೆದಿದ್ದಾರೆ? ಬಡವರ ಬಾಯಿಯ ಆ ಹಾಡನ್ನೂ ಓದಿದವರು ಒಂದು ಕಾಲಕ್ಕೆ ಬಡಬಡಿಕೆ ಎಂದೇ ದೂರವಿಟ್ಟಿದ್ದರಲ್ಲವೇ? ಈಗ ಹುಡುಗನ ಬಾಯಿ ಮುಚ್ಚಿಸಲು ಅದು ನೆನಪಾಗುತ್ತದೆ. 'ನಮ್ಮಲ್ಲೂ ಇತ್ತು' ಎಂಬುದು ಎರಡನ್ನೂ ಕೇಳದೆ ಪಾರಾಗುವ ಜಾಣತನ. ನ್ಯೂಯಾರ್ಕಿನ ಬ್ರಾಂಕ್ಸ್ ಕೇರಿಗಳಲ್ಲಿ ಎಪ್ಪತ್ತರ ದಶಕದಲ್ಲಿ ಹುಟ್ಟಿದ ಈ ಕಲೆಗೆ ಅದರದೇ ಹಸಿವಿದೆ, ಅದರದೇ ಅವಮಾನಗಳ ನೆನಪಿದೆ. ಅದನ್ನು ನಮ್ಮ ಮೊಮ್ಮಗು ಮಾಡಿಕೊಳ್ಳುವ ಅಗತ್ಯವಿಲ್ಲ. ಅತಿಥಿಯಾಗಿ ಕೂರಿಸಿ ಮಾತು ಕೇಳಿದರೆ ಸಾಕು.

ನನಗೆ ಈ ಆಲ್ಬಂ ಪೂರ್ತಿ ದಕ್ಕಿದೆಯೆಂದು ಹೇಳಲಾರೆ. ಅವನು ಹೆಸರಿಸುವ ತಿಂಡಿ, ಕಾರ್ಟೂನು, ಬೀದಿಗಳು ನನ್ನವಲ್ಲ. ಆದರೆ ಕುಮಾರವ್ಯಾಸನೂ ಮೊದಲ ದಿನವೇ ದಕ್ಕಿರಲಿಲ್ಲ. ದಕ್ಕದ್ದನ್ನು ಇನ್ನೊಮ್ಮೆ ಓದಬೇಕೆಂದು ಮಕ್ಕಳಿಗೆ ಹೇಳುತ್ತ ಬಂದವಳು, ನನಗೆ ದಕ್ಕದ್ದನ್ನು ಮಾತ್ರ ಬಾಗಿಲಲ್ಲೇ ನಿಲ್ಲಿಸಿದೆ.

ಆ ಹುಡುಗ ಹತ್ತನೆಯದು ಮುಗಿಸಿ ಹೋದ. ರಜೆ ಕಳೆದು ನಾನು ಶಾಲೆಗೆ ಬಂದಾಗ ಅವನ ಹೆಸರು ಹಾಜರಿ ಪುಸ್ತಕದಲ್ಲಿರಲಿಲ್ಲ. ಅವನು ಅಂದು ತಂದಿದ್ದ ಕವಿತೆ ಒಳ್ಳೆಯದಿತ್ತೋ ಕೆಟ್ಟದಿತ್ತೋ ನನಗೆ ಗೊತ್ತಿಲ್ಲ. ಕೆಟ್ಟದ್ದೇ ಇದ್ದಿರಬಹುದು, ಹದಿನಾರರಲ್ಲಿ ಬರೆದದ್ದು ಹೆಚ್ಚಾಗಿ ಕೆಟ್ಟದ್ದೇ. ಆದರೆ ಕೇಳಿ ಕೆಟ್ಟದ್ದೆನ್ನುವ ಹಕ್ಕನ್ನು ನಾನು ಗಳಿಸಲಿಲ್ಲ. ನಾವು ಮೂವರು ಸಹಿ ಹಾಕಿದ ಆಯ್ಕೆಪಟ್ಟಿ ಕಚೇರಿಯ ಕಡತದಲ್ಲಿ ಈಗಲೂ ಇದೆ. ಅದರಲ್ಲಿ ಅವನ ಹೆಸರಿನ ಮುಂದೆ ನನ್ನ ಕೆಂಪು ಪೆನ್ನಿನಿಂದ ಬರೆದ ಒಂದು ಗೆರೆಯಿದೆ.

ಈ ವರ್ಷವೂ ಕವಿಗೋಷ್ಠಿ ಇದೆ. ಸೂಚನಾಫಲಕಕ್ಕೆ ಹಾಕುವ ನೋಟೀಸನ್ನು ನಾನೇ ಬರೆದಿದ್ದೇನೆ: ಓದಬಹುದು, ಹಾಡಬಹುದು, ತಾಳಕ್ಕೆ ಹೇಳಬಹುದು, ಎಲ್ಲರದನ್ನೂ ಪೂರ್ತಿ ಕೇಳಿದ ಮೇಲೆಯೇ ಆಯ್ಕೆ. ಸಹೋದ್ಯೋಗಿಯೊಬ್ಬರು ಅದನ್ನು ನೋಡಿ, "ಏನು ಮೇಡಂ, ನೀವೂ ಕೆಟ್ಟಿರಾ?" ಎಂದರು. ನಾನು ಹುಡುಗನ ಪ್ರಶ್ನೆಯನ್ನೇ ಅವರಿಗೆ ದಾಟಿಸಿದೆ. ಅವರಿಗೂ ಸಿಟ್ಟು ಬಂತು.